ಎಕ್ಸ್‌ಕೋರಿಯೇಟ್: ವಾರ್ಡಿನಲ್ಲಿ ಅರ್ಧ, ಲೋಕಲ್ ಟ್ರೇನಿನಲ್ಲಿ ಅರ್ಧ ಕಲಿತ ಪದ

ನಾನು ಮುಂಬೈಯಲ್ಲಿ ನರ್ಸ್. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿಯಲ್ಲಿ. ಬ್ರಿಟನ್ನಿಗೆ ಕೆಲಸಕ್ಕೆ ಹೋಗಬೇಕೆಂದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತದೆ. ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7 ಬೇಕು, ಬರವಣಿಗೆಗೆ 6.5. ವಾರ್ಡಿನ ಇಂಗ್ಲಿಷ್ ನನಗೆ ಸಲೀಸು. ಆದರೆ ಓದಿನ ಭಾಗದಲ್ಲಿ ಪುಸ್ತಕ, ಪತ್ರಿಕೆಗಳಿಂದ ಆಯ್ದ ಉದ್ದುದ್ದ ಬರಹ ಇರುತ್ತದೆ. ಅಂಥ ಬರಹದಲ್ಲಿ ಯಾರೂ ಸುಮ್ನೆ ಸ್ಕೋಲ್ಡ್ ಮಾಡುವುದಿಲ್ಲ. ಬೆರೇಟ್, ಅಪ್‌ಬ್ರೇಡ್, ಕ್ಯಾಸ್ಟಿಗೇಟ್, ಲ್ಯಾಂಬೇಸ್ಟ್, ಎಕ್ಸ್‌ಕೋರಿಯೇಟ್. ಪದಪಟ್ಟಿ ತೆಗೆದರೆ ಎಲ್ಲದರ ಮುಂದೆಯೂ ಒಂದೇ ಅರ್ಥ: ಕಟುವಾಗಿ ಬೈಯುವುದು. ಇಂಥ ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ ಎಂದು ನನಗೆ ಬೇಗ ಅನಿಸಿತು. ಒಂದೇ ಪದ ಹಿಡಿದು ಅದರ ಬೆನ್ನು ಹತ್ತಿದೆ.

ಎಕ್ಸ್‌ಕೋರಿಯೇಟ್ ಆರಿಸಿಕೊಳ್ಳಲು ಕಾರಣ ನನ್ನ ಕೆಲಸವೇ. ಅದರ ನಾಮಪದವನ್ನು ನಾವು ದಿನವೂ ಚಾರ್ಟಿನಲ್ಲಿ ಬರೆಯುತ್ತೇವೆ. ಹಾಸಿಗೆ ಹಿಡಿದ ರೋಗಿಯ ಮೈ ಮಲಮೂತ್ರದ ಒದ್ದೆಯಲ್ಲೇ ಇದ್ದರೆ ಸೊಂಟದ ಕೆಳಗಿನ ಚರ್ಮದ ಮೇಲ್ಪದರ ಕಿತ್ತುಹೋಗುತ್ತದೆ. ತುರಿಕೆ ಇದ್ದವರು ಕೆರೆದುಕೊಂಡರೂ ಹಾಗೇ ಆಗುತ್ತದೆ. ಅದೇ ಎಕ್ಸ್‌ಕೋರಿಯೇಶನ್. ಆ ಜಾಗವನ್ನು ಉಜ್ಜುವ ಹಾಗಿಲ್ಲ. ಮೆತ್ತಗೆ ತೊಳೆದು, ಬಟ್ಟೆ ಒತ್ತಿ ನೀರು ಹೀರಿಸಿ, ಜಿಂಕ್ ಆಕ್ಸೈಡ್ ಮುಲಾಮು ಹಚ್ಚುತ್ತೇವೆ. ಬೆರಳು ತಾಗಿದರೂ ರೋಗಿ ಹಲ್ಲು ಕಚ್ಚುತ್ತಾರೆ. ಲ್ಯಾಟಿನ್‌ನಲ್ಲಿ ಕೋರಿಯಮ್ ಎಂದರೆ ಚರ್ಮ, ತೊಗಲು. ಎಕ್ಸ್ ಎಂದರೆ ಹೊರಗೆ. ಚರ್ಮದ ಒಳಪದರ ಡರ್ಮಿಸ್‌ಗೆ ಕೋರಿಯಮ್ ಎಂಬ ಹೆಸರೂ ಇದೆ ಎಂದು ನರ್ಸಿಂಗ್ ಓದಿದವರಿಗೆ ನೆನಪಿರಬಹುದು. 15ನೇ ಶತಮಾನದಲ್ಲೇ ಇಂಗ್ಲಿಷಿಗೆ ಬಂದ ಈ ಕ್ರಿಯಾಪದದ ಮೊದಲ ಅರ್ಥ ಚರ್ಮ ಸುಲಿಯುವುದು. ಮಾತಿನಿಂದ ಸುಲಿಯುವ ಅರ್ಥ ಆಮೇಲೆ ಸೇರಿಕೊಂಡಿತು. ಇಷ್ಟು ತಿಳಿದ ಮೇಲೆ ಈ ಬೈಗುಳ ಎಷ್ಟು ಕಟು ಎಂದು ಯಾರೂ ಹೇಳಬೇಕಾಗಲಿಲ್ಲ. ಆ ನೋವು ಎಂಥದ್ದೆಂದು ಬೆಡ್‌ಸೈಡಿನಲ್ಲಿ ನಿಂತೇ ನೋಡಿದ್ದೇನೆ.

ಉಳಿದರ್ಧ ಕಲಿಸಿದ್ದು ಟ್ರೇನಿನಲ್ಲಿ ಓದುವ ಇಂಗ್ಲಿಷ್ ಪತ್ರಿಕೆ. ಮಳೆಗಾಲ ಬಂತೆಂದರೆ ಮುಂಬೈಯ ರಸ್ತೆ ಗುಂಡಿಗಳ ವಿಷಯದಲ್ಲಿ ಹೈಕೋರ್ಟು ಮಹಾನಗರ ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡ ಸುದ್ದಿ ಇದ್ದೇ ಇರುತ್ತದೆ. ಹೆಡ್‌ಲೈನಿನಲ್ಲಿ ಜಾಗ ಕಮ್ಮಿ, ಅದಕ್ಕೇ ರ್‍ಯಾಪ್ಸ್, ಸ್ಲ್ಯಾಮ್ಸ್, ಫ್ಲೇಸ್ ಎಂಬ ಚಿಕ್ಕ ಪದಗಳು. ಈ ಫ್ಲೇ ಪದವನ್ನು ನಿಘಂಟಿನಲ್ಲಿ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಅದರ ಮೂಲ ಅರ್ಥವೂ ಚರ್ಮ ಸುಲಿಯುವುದೇ! ಅದು ಹಳೆಯ ಇಂಗ್ಲಿಷಿನ ಸ್ವಂತ ಪದ, ಎಕ್ಸ್‌ಕೋರಿಯೇಟ್ ಲ್ಯಾಟಿನ್ನಿಂದ ಬಂದದ್ದು. ಚಿತ್ರ ಮಾತ್ರ ಒಂದೇ. ನಮ್ಮ ಪಕ್ಕದ ಮನೆ ಕಾಕೂಗೆ ಇದನ್ನು ಹೇಳಿದೆ. ಅವರು ತಕ್ಷಣ, "ಅಗಂ, ನಮ್ಮ ಮರಾಠಿಯಲ್ಲೂ ಖರಡಪಟ್ಟಿ ಕಾಢಣೆ ಅಂತೀವಲ್ಲ" ಎಂದರು. ಚೆನ್ನಾಗಿ ಬೈದರು ಎಂದು ಅರ್ಥ. ಖರಡಣೆ ಎಂದರೆ ಕೆರೆಯುವುದು. ಅಲ್ಲೂ ಚರ್ಮದ ಗತಿ ಅದೇ, ಅಲ್ವಾ?

ಕನ್ನಡದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. "ಚರ್ಮ ಸುಲಿದುಬಿಡ್ತೀನಿ" ಎಂದು ನಾವೂ ಹೇಳುತ್ತೇವೆ. ಆದರೆ ಅದು ಹೊಡೆಯುತ್ತೇನೆ ಎಂಬ ಬೆದರಿಕೆ. ಎಕ್ಸ್‌ಕೋರಿಯೇಟ್‌ನಲ್ಲಿ ಬೆದರಿಕೆ ಇಲ್ಲ, ಕೈ ಎತ್ತುವುದೂ ಇಲ್ಲ. ಮಾತಿನಲ್ಲೋ ಬರಹದಲ್ಲೋ ಆಗಲೇ ಸುಲಿದಾಗಿದೆ. ಕೋರ್ಟಿನ ಸುದ್ದಿಯಾದರೆ 'ಛೀಮಾರಿ ಹಾಕು' ಹತ್ತಿರ ಬರುತ್ತದೆ. ಸಿನಿಮಾ ವಿಮರ್ಶೆಯಾದರೆ 'ಉಗಿದು ಉಪ್ಪಿನಕಾಯಿ ಹಾಕು' ಎಂಬುದರ ಖಾರ ಸರಿ. ಆದರೆ ಅದು ಆಡುಮಾತು, ಇದು ಗಂಭೀರ ಬರವಣಿಗೆಯ ಪದ.

ವ್ಯಾಕರಣ ಸುಲಭ. ಯಾರನ್ನು ಎಂಬುದು ಕ್ರಿಯಾಪದದ ಬೆನ್ನಿಗೇ ಬರುತ್ತದೆ, ಯಾಕೆ ಎಂಬುದಕ್ಕೆ ಮುಂದೆ 'ಫಾರ್'. ದ ಪ್ಯಾನೆಲ್ ಎಕ್ಸ್‌ಕೋರಿಯೇಟೆಡ್ ದ ಕಂಪನಿ ಫಾರ್ ಹೈಡಿಂಗ್ ದ ರಿಪೋರ್ಟ್. 'ವಾಸ್ ಎಕ್ಸ್‌ಕೋರಿಯೇಟೆಡ್ ಫಾರ್' ಎಂಬ ಕರ್ಮಣಿ ರೂಪವೂ ತುಂಬ ಕಾಣುತ್ತದೆ. ಉಚ್ಚಾರದಲ್ಲಿ ಒತ್ತು 'ಸ್ಕೋ' ಮೇಲೆ.

ನನಗೆ ಹೆಚ್ಚು ಸಮಯ ಹಿಡಿದದ್ದು ಯಾರು, ಯಾರನ್ನು, ಎಲ್ಲಿ ಎಂಬ ಲೆಕ್ಕ. ಇದಕ್ಕೆ ವಾರ್ಡಿನಲ್ಲಿ ಕಣ್ಣೆದುರು ನಡೆಯುವ ಬೈಗುಳಕ್ಕೆಲ್ಲ ಮನಸ್ಸಿನಲ್ಲೇ ಒಂದೊಂದು ಪದ ಹಚ್ಚುತ್ತಾ ಹೋದೆ. ದೊಡ್ಡ ಡಾಕ್ಟರು ರೌಂಡ್ಸಿನಲ್ಲಿ ರೋಗಿಗಳ ಎದುರಿಗೇ ಜೂನಿಯರ್ ಹುಡುಗನಿಗೆ ಬಿಡದೆ ಬೈದರೆ ಅದು ಬೆರೇಟ್. ಎದುರೆದುರು ನಿಂತು, ಸಿಟ್ಟಿನಲ್ಲಿ, ಉದ್ದಕ್ಕೆ. ಆಫೀಸಿನಿಂದ ಸಹಿ ಹಾಕಿದ ಕಾಗದ ಬಂದರೆ ರೆಪ್ರಿಮ್ಯಾಂಡ್. ಮೇಟ್ರನ್ ಒಂದೇ ಮಾತಿನಲ್ಲಿ ಚುರುಕು ಮುಟ್ಟಿಸಿದರೆ ರೆಬ್ಯೂಕ್. ಎಕ್ಸ್‌ಕೋರಿಯೇಟ್‌ಗೆ ವಾರ್ಡಿನಲ್ಲಿ ಜಾಗವೇ ಸಿಗಲಿಲ್ಲ. ಅದಕ್ಕೆ ನಾಲ್ಕು ಜನ ನೋಡುವ ಬಯಲು ಬೇಕು: ತನಿಖಾ ವರದಿ, ಸಂಪಾದಕೀಯ, ಸಂಸತ್ತಿನ ಭಾಷಣ, ವಿಮರ್ಶೆ. ಮಗ ಹೋಮ್‌ವರ್ಕ್ ಮಾಡಲಿಲ್ಲವೆಂದು ತಾಯಿ ಗದರಿದ್ದಕ್ಕೆ ಈ ಪದ ಹಾಕಿದರೆ ಓದುವವರಿಗೆ ವಿಚಿತ್ರ ಅನಿಸುತ್ತದೆ. ಈ ಲೆಕ್ಕ ಯಾವ ಪದಪಟ್ಟಿಯಲ್ಲೂ ನನಗೆ ಕಾಣಲಿಲ್ಲ. ಪರೀಕ್ಷೆಗೆ ಓದುವ ಹುಡುಗಿಯರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಇದೇ ದಾರಿಯಲ್ಲಿ ಕ್ಯಾಸ್ಟಿಗೇಟ್ ಕೂಡ ಬಂತು. ಅದರ ಲ್ಯಾಟಿನ್ ಬೇರು ಕ್ಯಾಸ್ಟಸ್, ಎಂದರೆ ಶುದ್ಧ. ತಿದ್ದಲಿಕ್ಕೆಂದು ದಂಡಿಸುವ ಭಾವ ಅದರಲ್ಲಿದೆ, ಎಕ್ಸ್‌ಕೋರಿಯೇಟ್‌ನಲ್ಲಿ ಆ ಕರುಣೆ ಇಲ್ಲ. ವಿಟೂಪರೇಟ್ ಎಂಬ ಇನ್ನೊಂದು ಪದವೂ ಪಟ್ಟಿಯಲ್ಲಿತ್ತು. ಅದನ್ನು ಪತ್ರಿಕೆಯಲ್ಲಿ ಯಾರೂ ಬಳಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಸದ್ಯಕ್ಕೆ ಅದಕ್ಕೆ ಕೈ ಹಾಕಿಲ್ಲ.