ಇನ್ಕಮ್ ಪ್ರೊಟೆಕ್ಷನ್ ಪ್ರೀಮಿಯಂ: ನಾನು ಲೆಕ್ಕ ಹಾಕಿದ ರೀತಿ

ನಾನು ಮೆಲ್ಬರ್ನ್‌ನಲ್ಲಿ ನರ್ಸ್. ಮನೆ ಸಾಲದ ಕಂತು ಹೋಗುವುದು ನನ್ನ ಸಂಬಳದಿಂದಲೇ. ಸೊಂಟ ಹಿಡಿದು ತಿಂಗಳುಗಟ್ಟಲೆ ಮಲಗಿದರೆ ಏನು ಗತಿ ಅನ್ನುವ ಭಯ ನಮ್ಮ ಕೆಲಸದವರಿಗೆ ಸುಮ್ನೆ ಬರುವುದಲ್ಲ, ರೋಗಿಗಳನ್ನು ಎತ್ತಿ ಎತ್ತಿ ಬೆನ್ನು ಹಾಳಾದವರನ್ನು ಪಕ್ಕದಲ್ಲೇ ನೋಡಿರುತ್ತೇವೆ.

ಊರಲ್ಲಿ ನಮಗೆ ಗೊತ್ತಿದ್ದದ್ದು ಎಲ್‌ಐಸಿ. ಇಲ್ಲಿನ ಇನ್ಕಮ್ ಪ್ರೊಟೆಕ್ಷನ್ ವಿಮೆ ಹಾಗಲ್ಲ. ಕಾಯಿಲೆಯೋ ಪೆಟ್ಟೋ ಆಗಿ ಕೆಲಸಕ್ಕೆ ಹೋಗಲಾಗದಿದ್ದರೆ ಸಂಬಳದ ಒಂದು ಪಾಲು, ಸಾಮಾನ್ಯವಾಗಿ 70% ತನಕ, ತಿಂಗಳು ತಿಂಗಳು ಬರುತ್ತದೆ. ವರ್ಷಕ್ಕೆ 84,000 ಡಾಲರ್ ಸಂಬಳ ಅಂದರೆ ತಿಂಗಳಿಗೆ 4,900. ಏನೂ ಆಗದಿದ್ದರೆ ಕಟ್ಟಿದ ದುಡ್ಡು ವಾಪಸ್ ಇಲ್ಲ.

ಪ್ರೀಮಿಯಂ ಏರಿಸುವ ಕೆಲವು ವಿಷಯ ನಮ್ಮ ಕೈಲಿಲ್ಲ. ವಯಸ್ಸು ಒಂದು. ಹೆಂಗಸರಿಗೆ ಸಾಮಾನ್ಯವಾಗಿ ಜಾಸ್ತಿ. ಕುರ್ಚಿ ಕೆಲಸಕ್ಕಿಂತ ಮೈ ಬಗ್ಗಿಸುವ ಕೆಲಸಕ್ಕೆ ಜಾಸ್ತಿ. ಕೈಲಿರುವುದು ಮುಖ್ಯವಾಗಿ ಎರಡು: ದುಡ್ಡು ಶುರುವಾಗುವ ಮುಂಚೆ ಎಷ್ಟು ದಿನ ಕಾಯುತ್ತೀರಿ, ಶುರುವಾದ ಮೇಲೆ ಎಷ್ಟು ವರ್ಷ ಬರಬೇಕು.

ನಾನು ಒಂದೇ ಕಂಪನಿಯ ಕೋಟ್‌ನಲ್ಲಿ (ಪ್ರೀಮಿಯಂ ಎಷ್ಟಾಗುತ್ತದೆ ಅಂತ ಅವರು ಕೊಡುವ ಅಂದಾಜು) ಬೇರೇನೂ ಮುಟ್ಟದೆ ಇವೆರಡನ್ನೇ ಬದಲಿಸುತ್ತಾ ನೋಡಿದೆ. ಕಾಯುವ ಅವಧಿ 30 ದಿನದಿಂದ 90ಕ್ಕೆ ಹೋದಾಗ ಪ್ರೀಮಿಯಂ ಚೆನ್ನಾಗಿಯೇ ಇಳಿಯಿತು. ದುಡ್ಡು ಬರುವ ಅವಧಿಯನ್ನು 2 ವರ್ಷದಿಂದ 65 ವಯಸ್ಸಿನ ತನಕ ಎಳೆದಾಗ ಏರಿತು. ನಾನು ಆರಿಸಿದ್ದು 90 ದಿನ, 65ರ ತನಕ. ಮೂರು ತಿಂಗಳು ಹೇಗೋ ದೂಡಬಹುದು, ಆದರೆ ಇನ್ನು ಮುಂದೆ ವಾರ್ಡಿಗೇ ಹೋಗಲಾಗದ ಸ್ಥಿತಿ ಬಂದರೆ ಎರಡು ವರ್ಷದ ದುಡ್ಡು ಎಲ್ಲಿಗೆ ಸಾಲುತ್ತದೆ?

ಆದರೆ 90 ದಿನ ಅಂದರೆ 90 ದಿನವಲ್ಲ. ದುಡ್ಡು ಕೊಡುವುದು ತಿಂಗಳು ಮುಗಿದ ಮೇಲೆ, ಹಾಗಾಗಿ ಮೊದಲ ಕಂತು ಕೈಗೆ ಬರುವಷ್ಟರಲ್ಲಿ ನಾಲ್ಕು ತಿಂಗಳು ಆಗಿರುತ್ತದೆ. ಕಾಯಂ ಫುಲ್ ಟೈಮ್ ಕೆಲಸಕ್ಕೆ ಇಲ್ಲಿ ವರ್ಷಕ್ಕೆ ಕನಿಷ್ಠ 10 ದಿನ ಸಿಕ್ ಲೀವ್, ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತದೆ. ನನ್ನ ಪೇಸ್ಲಿಪ್‌ನಲ್ಲಿದ್ದ ಸಿಕ್ ಲೀವ್, ವಾರ್ಷಿಕ ರಜೆ ಎರಡನ್ನೂ ಕೂಡಿಸಿ, ನಾಲ್ಕು ತಿಂಗಳಿಗೆ ಕಡಿಮೆ ಬಿದ್ದಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟೆ. ಕ್ಯಾಶುಯಲ್ ಕೆಲಸದವರಿಗೆ (ಕಾಯಂ ಅಲ್ಲದೆ, ಕರೆದಾಗ ಹೋಗುವವರಿಗೆ) ಸಾಮಾನ್ಯವಾಗಿ ಸಂಬಳದ ಸಿಕ್ ಲೀವ್, ವಾರ್ಷಿಕ ರಜೆ ಇಲ್ಲ, ಅವರು 30 ದಿನವನ್ನೇ ನೋಡಬೇಕಾಗಬಹುದು.

ಇನ್ನೊಂದು, ಸೂಪರ್ ಫಂಡ್ (ನಮ್ಮ ಪಿಎಫ್ ತರಹದ ಇಲ್ಲಿನ ನಿವೃತ್ತಿ ನಿಧಿ) ಒಳಗೇ ಈ ಕವರ್ ಇದೆಯಾ ಮೊದಲು ನೋಡಿ. ಜೇಬಿನಿಂದ ಹೋಗಲ್ಲ ನಿಜ, ಆದರೆ ನಿವೃತ್ತಿಯ ದುಡ್ಡಿನಿಂದ ಹೋಗುತ್ತದೆ. ಎರಡು ಕಡೆ ಇದ್ದರೆ ಎರಡರಷ್ಟು ಸಿಗುತ್ತದೆ ಅಂದುಕೊಳ್ಳಬೇಡಿ. ಹೊರಗೆ ಕೊಂಡರೆ ಪ್ರೀಮಿಯಂ ಮೇಲೆ ತೆರಿಗೆ ವಿನಾಯಿತಿ ಇದೆ: 30% ಸ್ಲ್ಯಾಬ್, 2% ಮೆಡಿಕೇರ್ ಲೆವಿ (ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ತೆರಿಗೆ) ಇದ್ದವರು 1,500 ಡಾಲರ್ ಕಟ್ಟಿದರೆ 480 ಉಳಿಯುತ್ತದೆ. ಆದರೆ ಕ್ಲೇಮ್‌ನಲ್ಲಿ ಬರುವ ದುಡ್ಡಿಗೆ ತೆರಿಗೆ ಕಟ್ಟಬೇಕು. ಮನೆ ಸಾಲದ ಕಂತಿನ ಲೆಕ್ಕ ಹಾಕುವಾಗ 4,900 ಪೂರ್ತಿ ಹಿಡಿಯಬೇಡಿ.

ಪ್ರತಿ ವರ್ಷ ಬರುವ ಕಾಗದವನ್ನೂ ಓದಬೇಕು. ವಯಸ್ಸಿನ ಜೊತೆ ಪ್ರೀಮಿಯಂ ಏರುತ್ತದೆ, ಬೆಲೆ ಏರಿಕೆ ಅಂತ ಕವರ್ ಮೊತ್ತವನ್ನೂ ಏರಿಸಿರುತ್ತಾರೆ. ಈಗಿನ ಪಾಲಿಸಿಗಳಲ್ಲಿ ಕ್ಲೇಮ್ ಕೊಡುವುದು ನಿಜವಾದ ಸಂಬಳ ನೋಡಿ, ಅಲ್ವಾ? ನನ್ನ ಸಂಬಳ ಅಷ್ಟು ಏರಿರಲಿಲ್ಲ, ಹಾಗಾಗಿ ಆ ಹೆಚ್ಚಿನ ಕವರ್‌ಗೆ ಪ್ರೀಮಿಯಂ ಕಟ್ಟುವುದು ದಂಡ. ಫೋನ್ ಮಾಡಿ ಆ ಏರಿಕೆ ಬೇಡ ಅಂದೆ, ತೆಗೆದುಹಾಕಿದರು.