ಡಯಾಲಿಸಿಸ್ ನೀರಿಗೆ ಜೆಲ್ ಕ್ಲಾಟ್: 0.03ಕ್ಕೆ ಇಳಿದ ಮೇಲೆ ಕೈಗೆ ಹತ್ತಿತು

ಡಯಾಲಿಸಿಸ್ ಆರ್‌ಒ ನೀರಿನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ, ಜ್ವರ ತರಿಸುವ ವಿಷ) ಇದೆಯೇ ಎಂದು ನೋಡಲು ಜೆಲ್ ಕ್ಲಾಟ್ (ವಿಷವಿದ್ದರೆ ಟ್ಯೂಬಿನ ದ್ರವ ಗಟ್ಟಿಯಾಗುವ ಟೆಸ್ಟ್) ನಂಬಬೇಡಿ, ಯಂತ್ರವೇ ಅಳೆಯುವ ಕೈನೆಟಿಕ್ ರೀಡರ್ ತಗೊಳ್ಳಿ ಅಂದವರೇ ಹೆಚ್ಚು. ರೀಡರ್‌ಗೆ ಲಕ್ಷಗಟ್ಟಲೆ ಸುರಿಯಬೇಕು. ನನ್ನದು ಒಂದು ವಾಟರ್ ಬಾತ್, ಒಂದು ಓವನ್, ಗಾಜಿನ ಟ್ಯೂಬುಗಳಲ್ಲೇ ನಡೆಯುತ್ತಿದೆ. ಪಾಸಿಟಿವ್ ಕಂಟ್ರೋಲ್ (ಎಂಡೋಟಾಕ್ಸಿನ್ ಹಾಕಿದ, ಗಟ್ಟಿಯಾಗಲೇಬೇಕಾದ ಟ್ಯೂಬ್) ಕೈಕೊಡದೆ ತಿಂಗಳುಗಳೇ ಆದವು.

ಮೊದಲ ಪೆಟ್ಟು ಬಿದ್ದದ್ದು ಲೈಸೇಟ್ (ಎಂಡೋಟಾಕ್ಸಿನ್ ತಗುಲಿದರೆ ಗಟ್ಟಿಯಾಗುವ ರೀಏಜೆಂಟ್) ಆಯ್ಕೆಯಲ್ಲಿ. ದುಡ್ಡು ಉಳಿಯಲಿ ಎಂದು ಲ್ಯಾಂಬ್ಡಾ (ಅದು ಗಟ್ಟಿಯಾಗಲು ಬೇಕಾದ ಕನಿಷ್ಠ ಎಂಡೋಟಾಕ್ಸಿನ್) 0.125ರದ್ದು ತರಿಸಿದ್ದೆ. ನೀರಿನ ಮಿತಿ ಮಿ.ಲೀ.ಗೆ 0.25 ಇಯು (ಎಂಡೋಟಾಕ್ಸಿನ್ ಯೂನಿಟ್), ಅಲ್ಲಿಗೆ ಎರಡು ಪಟ್ಟಿಗಿಂತ ಹೆಚ್ಚು ಡೈಲ್ಯೂಟ್ ಮಾಡಲು ಜಾಗವೇ ಇಲ್ಲ. ಲೂಪ್‌ಗೆ (ನೀರು ಸುತ್ತುವ ಪೈಪ್‌ಲೈನ್‌ಗೆ) ಪೆರಾಸೆಟಿಕ್ ಆಸಿಡ್ ಬಿಟ್ಟು ತೊಳೆದ ಮರುದಿನದ ಸ್ಯಾಂಪಲ್‌ಗಳಲ್ಲಿ ಸ್ಪೈಕ್ (ಬೇಕೆಂದೇ ಸೇರಿಸುವ ಎಂಡೋಟಾಕ್ಸಿನ್) ಹಾಕಿದ ಟ್ಯೂಬೂ ನೀರಾಗಿಯೇ ಉಳಿಯುತ್ತಿತ್ತು. ಸ್ಯಾಂಪಲ್ ಟ್ಯೂಬ್ ಮಾತ್ರ ನೋಡಿದವರು ‘ನೆಗೆಟಿವ್’ ಎಂದು ಬರೆದುಬಿಡುತ್ತಾರೆ. ಉಳಿದ ಕೆಮಿಕಲ್ ಲೈಸೇಟಿನ ಕಿಣ್ವವನ್ನೇ ಕೆಡಿಸಿರುತ್ತದೆ, ಎಂಡೋಟಾಕ್ಸಿನ್ ಇದ್ದಲ್ಲೇ ಇರುತ್ತದೆ. ಆ ರಿಪೋರ್ಟ್ ನಂಬಿ ಮಿಷನ್ ಹಚ್ಚಿದರೆ ರೋಗಿ ಚಳಿಜ್ವರದಲ್ಲಿ ನಡುಗಬೇಕಾಗುತ್ತದೆ. ಸ್ಪೈಕ್ ಟ್ಯೂಬ್ ಬಿಟ್ಟು ಟೆಸ್ಟ್ ಮಾಡುವವರ ಮೇಲೆ ನನಗೆ ಸಿಟ್ಟಿದೆ.

0.03ರ ಲೈಸೇಟ್‌ಗೆ ಬಂದ ಮೇಲೆ ಆ ಕೆಮಿಕಲ್ ತೆಳುವಾಗುವಂತೆ ಎಂಟು ಪಟ್ಟಿನವರೆಗೆ ಡೈಲ್ಯೂಟ್ ಮಾಡಲು ಜಾಗ ಸಿಕ್ಕಿತು. ಬಹುತೇಕ ಸ್ಯಾಂಪಲ್‌ಗಳಲ್ಲಿ ನಾಲ್ಕು ಪಟ್ಟಿಗೇ ಸ್ಪೈಕ್ ಮರಳಿತು, ಅಂದರೆ ಸ್ಪೈಕ್ ಟ್ಯೂಬ್ ಗಟ್ಟಿಯಾಯಿತು. ಡೈಲ್ಯೂಟ್ ಮಾಡಿದ ಸ್ಯಾಂಪಲ್ 0.9 ಮಿ.ಲೀ.ಗೆ 0.6 ಇಯು/ಮಿ.ಲೀ. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಎಂಡೋಟಾಕ್ಸಿನ್) 0.1 ಮಿ.ಲೀ. ಸೇರಿಸಿದರೆ 0.06, ಅಂದರೆ ಎರಡು ಲ್ಯಾಂಬ್ಡಾ. ಸ್ಟ್ಯಾಂಡರ್ಡ್ ವಯಲ್ ತೆರೆದ ಕೂಡಲೇ ಹದಿನೈದು ನಿಮಿಷ ವೋರ್ಟೆಕ್ಸ್ (ಯಂತ್ರದಲ್ಲಿ ಜೋರಾಗಿ ಕುಲುಕುವುದು), ಪ್ರತಿ ಡೈಲ್ಯೂಶನ್‌ಗೆ ಮತ್ತೊಂದು ನಿಮಿಷ. ಎಂಡೋಟಾಕ್ಸಿನ್ ಗಾಜಿಗೂ ಅಂಟುತ್ತದೆ, ಪಾಲಿಪ್ರೊಪಿಲೀನ್‌ಗಂತೂ ಇನ್ನೂ ಜಾಸ್ತಿ. ಲೈಸೇಟನ್ನು ಮಾತ್ರ ಕುಲುಕಬೇಡಿ, ಮೆಲ್ಲಗೆ ತಿರುಗಿಸಿ.

ನೆಗೆಟಿವ್ ಕಂಟ್ರೋಲ್ (ಎಂಡೋಟಾಕ್ಸಿನ್ ಇಲ್ಲದ ನೀರಿನ ಟ್ಯೂಬ್) ಗಟ್ಟಿಯಾಗುತ್ತಿದ್ದುದಕ್ಕೆ ಕಾರಣ ಟ್ಯೂಬುಗಳು. ಆಟೋಕ್ಲೇವ್‌ನಿಂದ ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೋಟಾಕ್ಸಿನ್ ಸಾಯುವುದಿಲ್ಲ. ಅದನ್ನು ಸುಡಲು ಓವನ್‌ನಲ್ಲಿ 250 ಡಿಗ್ರಿಯಲ್ಲಿ ಅರ್ಧ ಗಂಟೆ ಎಂಬುದು ಟ್ಯೂಬಿನ ಬಿಸಿಗೆ ಅನ್ವಯಿಸುವ ಮಾತು, ಓವನ್ ಡಯಲ್‌ಗೆ ಅಲ್ಲ. ಫಾಯಿಲ್ ಸುತ್ತಿ ಒತ್ತೊತ್ತಾಗಿ ತುಂಬಿದಾಗ ನಡುವಿನ ಕಟ್ಟು ತೀರಾ ಹಿಂದೆ ಉಳಿಯುತ್ತಿತ್ತು. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಟ್ಟ ಮೇಲೆ ಗೊತ್ತಾಯಿತು. ಈಗ ಹೇಗೆ ಜೋಡಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಹತ್ತಿಯ ಬಿರಡೆ ಬಳಸುವ ಹಳೇ ಅಭ್ಯಾಸ ಬಿಡಿ: ಅದರಿಂದ ಬರುವ ಗ್ಲುಕಾನ್ (ಒಂದು ಬಗೆಯ ಶರ್ಕರ) ಕೂಡ ಲೈಸೇಟನ್ನು ಗಟ್ಟಿ ಮಾಡಿಸುತ್ತದೆ.

ಇನ್ನೊಂದು ಕಾಟ ಅದುರಾಟ. 0.1 ಮಿ.ಲೀ. ಸ್ಯಾಂಪಲ್‌ಗೆ 0.1 ಮಿ.ಲೀ. ಲೈಸೇಟ್ ಸೇರಿಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ, ಅದೇ ಮೇಜಿನ ಸೆಂಟ್ರಿಫ್ಯೂಜ್ ಓಡಿದರೆ ಅರ್ಧ ಕಟ್ಟಿದ ಜೆಲ್ ಒಡೆಯುತ್ತದೆ, ಮತ್ತೆ ಕೂಡುವುದಿಲ್ಲ. ಬಾತ್‌ನ ಕೆಳಗೆ ದಪ್ಪ ಕಡಪ ಕಲ್ಲು ಹಾಕಿ ಬೇರೆ ಮೂಲೆಗೆ ಸರಿಸಿದೆ. ಓದುವಾಗ ಒಂದೊಂದೇ ಟ್ಯೂಬ್ ಎತ್ತಿ, ಒಂದೇ ಸಲಕ್ಕೆ ತಲೆಕೆಳಗು ಮಾಡಿ. ಜಾರಿದರೆ ನೆಗೆಟಿವ್. ಲೋಳೆಯಾಗಿದೆ, ದಪ್ಪಗಿದೆ ಎಂಬ ಸಮಾಧಾನ ಬೇಡ.

ದುಬಾರಿ ಎಲ್‌ಆರ್‌ಡಬ್ಲ್ಯೂ (ಲೈಸೇಟ್ ಟೆಸ್ಟ್‌ಗೆಂದೇ ಮಾಡಿದ, ಎಂಡೋಟಾಕ್ಸಿನ್ ಇಲ್ಲದ) ನೀರಿನ ಬದಲು ಮೆಡಿಕಲ್ ಶಾಪಿನ ಇಂಜೆಕ್ಷನ್ ನೀರಿನ ಆಂಪೂಲ್‌ನಲ್ಲಿ ಡೈಲ್ಯೂಟ್ ಮಾಡಿಯೂ ನೋಡಿದೆ. ಕೆಲವು ಬ್ಯಾಚ್ ಸರಿಹೋದವು, ಕೆಲವದರಲ್ಲಿ ಸ್ಯಾಂಪಲ್ ಇಲ್ಲದ ಬ್ಲ್ಯಾಂಕ್ ಟ್ಯೂಬೇ ಗಟ್ಟಿ. ಆ ನೀರಿಗೆ 0.25ರವರೆಗೆ ಅನುಮತಿ ಇದೆ, ನಮ್ಮ ಲೈಸೇಟ್ 0.03ಕ್ಕೇ ಎಚ್ಚರವಾಗುತ್ತದೆ. ಉಳಿಸಿದ ಹಣ ಲೈಸೇಟಿನಲ್ಲಿ ಹೋಯಿತು.

ನಿಜವಾದ ಉಳಿತಾಯ ಬ್ಯಾಚ್‌ನಲ್ಲಿದೆ. ಒಂದೇ ಸ್ಯಾಂಪಲ್ ಆದರೆ ಅದಕ್ಕೆ ನಾಲ್ಕು, ಕಂಟ್ರೋಲ್‌ಗೆ ನಾಲ್ಕು, ಒಟ್ಟು ಎಂಟು ಟ್ಯೂಬ್ ಬೇಕು. ಹತ್ತು ಸ್ಯಾಂಪಲ್ ಒಟ್ಟಿಗೆ ಹಚ್ಚಿದರೆ ಕಂಟ್ರೋಲ್ ಒಂದೇ ಸೆಟ್ ಸಾಕು, ಒಟ್ಟು ನಲವತ್ತನಾಲ್ಕು, ಸುಮಾರು 4.4 ಮಿ.ಲೀ. ಲೈಸೇಟ್. 5.2 ಮಿ.ಲೀ.ಯ ಒಂದು ವಯಲ್‌ನಲ್ಲಿ ಮುಗಿಯುತ್ತದೆ. ಹಾಗಾಗಿ ಸೆಂಟರ್‌ಗಳಿಗೆಲ್ಲ ಒಂದೇ ದಿನ ಸ್ಯಾಂಪಲ್ ಕಳಿಸಲು ಹೇಳಿದ್ದೇನೆ: ಐಸ್ ಪೆಟ್ಟಿಗೆಯಲ್ಲಿಟ್ಟು, 24 ಗಂಟೆಯೊಳಗೆ.