ಸಂಕ್ರಾಂತಿಗೆ ಮನೆಯಲ್ಲೇ ಎಳ್ಳು-ಬೆಲ್ಲ: 25 ಮನೆಗೆ ಬೀರುವಷ್ಟು, ಜೇಬಿಗೂ ಮೈಗೂ ಭಾರವಾಗದ ಹಾಗೆ

ಎಳ್ಳು-ಬೆಲ್ಲದ ಲೆಕ್ಕ ಅಂಗಡಿಯಿಂದ ಶುರು ಮಾಡಬೇಡಿ, ಪೊಟ್ಟಣದಿಂದ ಶುರು ಮಾಡಿ. 25 ಮನೆಗೆ ತಲಾ 100 ಗ್ರಾಂ ಬೀರಿದರೆ ಎರಡೂವರೆ ಕಿಲೋ ಮನೆಯಿಂದ ಹೋಗುತ್ತದೆ. ಆ ಮನೆಯವರೂ ನಿಮಗೆ ಬೀರುತ್ತಾರೆ, ಹಾಗಾಗಿ ಹೆಚ್ಚುಕಡಿಮೆ ಅಷ್ಟೇ ಮನೆಗೆ ಬರುತ್ತದೆ. ಕಡಲೆಬೀಜ, ಕೊಬ್ಬರಿ, ಎಳ್ಳು ಮೂರೂ ಎಣ್ಣೆಯ ಪದಾರ್ಥ, ಮೇಲೆ ಬೆಲ್ಲ. 100 ಗ್ರಾಂ ಮಿಶ್ರಣದಲ್ಲಿ ಸುಮಾರು 500 ಕ್ಯಾಲೊರಿ ಇರುತ್ತದೆ. 60 ಕಿಲೋ ತೂಕದವರು ಒಂದು ಕಿಲೋಮೀಟರ್ ನಡೆದರೆ ಖರ್ಚಾಗುವುದು 45-50 ಕ್ಯಾಲೊರಿ. ಟಿ.ವಿ. ನೋಡುತ್ತಾ ಬಾಯಿಗೆ ಹಾಕಿಕೊಂಡ ಒಂದು ಹಿಡಿ, ಅಂದರೆ 30 ಗ್ರಾಂ, ಕರಗಬೇಕಾದರೆ ಮೂರು ಕಿಲೋಮೀಟರ್ ನಡೆಯಬೇಕು.

ಆದ್ದರಿಂದ ಪೊಟ್ಟಣ 50 ಗ್ರಾಂ ಸಾಕು. ತಗೊಂಡವರು ಯಾರೂ ತೂಕ ಹಾಕಿ ನೋಡುವುದಿಲ್ಲ. ತಟ್ಟೆ ತುಂಬಿ ಕಾಣುವುದು ಕಬ್ಬು, ಬಾಳೆಹಣ್ಣು, ಸಕ್ಕರೆ ಅಚ್ಚಿನಿಂದ. ಖರ್ಚು ಅರ್ಧಕ್ಕೆ ಇಳಿಯುತ್ತದೆ, ಕೊಬ್ಬರಿ ಹೆಚ್ಚುವ ಕೆಲಸವೂ ಅರ್ಧವಾಗುತ್ತದೆ.

ಏನು, ಎಷ್ಟು

25 ಪೊಟ್ಟಣಕ್ಕೆ 1250 ಗ್ರಾಂ, ದೇವರ ಮುಂದಿಡಲು ಮತ್ತು ಮನೆಯವರಿಗೆ 250 ಗ್ರಾಂ, ಒಟ್ಟು ಒಂದೂವರೆ ಕಿಲೋ. ಅದರಲ್ಲಿ ಕಡಲೆಬೀಜ 375 ಗ್ರಾಂ, ಹುರಿಗಡಲೆ 375, ಕೊಬ್ಬರಿ 300, ಬೆಲ್ಲ 300, ಬಿಳಿ ಎಳ್ಳು 150.

ಕೊಳ್ಳುವಾಗ ಇದಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಕಡಲೆಬೀಜದಲ್ಲಿ ಸಿಪ್ಪೆ ಮತ್ತು ಕೆಟ್ಟ ಬೀಜ ಹೋಗುತ್ತದೆ, ಅರ್ಧ ಕಿಲೋ ತನ್ನಿ. ಕೊಬ್ಬರಿಯ ಕಂದು ಸಿಪ್ಪೆ ಹೆರೆದರೆ ತೂಕ ಇಳಿಯುತ್ತದೆ, 375 ಗ್ರಾಂ ತನ್ನಿ. ಗಿಟುಕು ಸಾಧಾರಣ ಗಾತ್ರದ್ದಾದರೆ ಮೂರು ಸಾಕು. ಬೆಲ್ಲ ಹೆಚ್ಚುವಾಗ ಕಾಲು ಭಾಗ ಪುಡಿಯಾಗಿಬಿಡುತ್ತದೆ, 400 ಗ್ರಾಂ ಇಟ್ಟುಕೊಳ್ಳಿ. ಈ ಪುಡಿ, ಆ ಹೆರೆದ ಸಿಪ್ಪೆ ಯಾವುದೂ ದಂಡವಲ್ಲ: ಬೆಲ್ಲದ ಪುಡಿ ಹಬ್ಬದ ದಿನದ ಸಿಹಿ ಪೊಂಗಲಿಗೆ, ಕೊಬ್ಬರಿ ಸಿಪ್ಪೆ ಚಟ್ನಿಪುಡಿಗೆ.

ಕೊಳ್ಳುವ ಹೊತ್ತು

ಕೆಡದ ಸಾಮಾನನ್ನು ಡಿಸೆಂಬರ್ ಕೊನೆಯ ವಾರದಲ್ಲೇ ತಂದಿಡಿ. ಎಳ್ಳು, ಹುರಿಗಡಲೆ, ಕಡಲೆಬೀಜಕ್ಕೆ ಹಬ್ಬದ ಹಿಂದಿನ ನಾಲ್ಕು ದಿನ ಗಿರಾಕಿ ಜಾಸ್ತಿ, ಆರಿಸಿ ಕೊಳ್ಳಲು ಪುರುಸೊತ್ತಿಲ್ಲ. ಬೆಂಗಳೂರಿನವರು ಕಡಿಮೆ ಬೆಲೆಗೆಂದು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗುವುದಿದ್ದರೆ ನಾಲ್ಕೈದು ಮನೆಯವರು ಸೇರಿ ಒಬ್ಬರನ್ನು ಕಳಿಸಿ. ಅರ್ಧ ಕಿಲೋ ಬೀಜಕ್ಕಾಗಿ ಒಬ್ಬೊಬ್ಬರೇ ಹೋದರೆ ಉಳಿದ ದುಡ್ಡು ಆಟೋಗೆ ಸರಿಹೋಗುತ್ತದೆ.

ಸಿದ್ಧ ಎಳ್ಳು-ಬೆಲ್ಲದ ಪ್ಯಾಕೆಟ್ ಅಗ್ಗ ಅನಿಸಿದರೆ ಹಿಂದೆ ಮುಂದೆ ತಿರುಗಿಸಿ ನೋಡಿ. ಐದರಲ್ಲಿ ದುಬಾರಿ ಕೊಬ್ಬರಿ, ಆಮೇಲೆ ಎಳ್ಳು. ಬೆಲೆ ಇಳಿಸಬೇಕಾದವರು ಕಡಿಮೆ ಮಾಡುವುದು ಅವೆರಡನ್ನೇ. ಪ್ಯಾಕೆಟ್ ತುಂಬ ಹುರಿಗಡಲೆ, ಬೆಲ್ಲ ಕಾಣುತ್ತದೆ. 200 ಗ್ರಾಂ ಪ್ಯಾಕೆಟ್ಟಿನ ಬೆಲೆಯನ್ನು ಐದರಿಂದ ಗುಣಿಸಿ ಕಿಲೋಗೆ ಎಷ್ಟು ಬಿತ್ತು ಅಂತ ನೋಡಿದ ಮೇಲೆ ತೀರ್ಮಾನ ಮಾಡಿ. ಸಮಯವೇ ಇಲ್ಲದವರಿಗೆ ನಡುದಾರಿ ಇದೆ: ಹೆಚ್ಚಿದ ಕೊಬ್ಬರಿಯನ್ನು ಮಾತ್ರ ಬಿಡಿಯಾಗಿ ಕೊಂಡು, ಉಳಿದದ್ದನ್ನು ಮನೆಯಲ್ಲಿ ಮಾಡುವುದು. ಕೊಳ್ಳುವ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಕಮಟು ವಾಸನೆ ಬಂದರೆ ಹಳೆಯದು.

ಕೊಬ್ಬರಿ ಎಂದರೆ ನಮ್ಮಲ್ಲಿ ತಿಪಟೂರು ಕಡೆಯದೇ ಹೆಸರುವಾಸಿ. ಎಲ್ಲಿಯದಾದರೂ ಒಳಗನ್ನು ನೋಡದೆ ಕೊಳ್ಳಬೇಡಿ: ಬಿಳುಪಾಗಿರಬೇಕು, ಹಳದಿ ಎಣ್ಣೆಯ ಕಲೆಯಾಗಲಿ ಕಪ್ಪು-ಹಸಿರು ಬೂಷ್ಟಾಗಲಿ ಇರಬಾರದು. ಇಡೀ ಗಿಟುಕಾದರೆ ಅಂಗಡಿಯವರಿಂದಲೇ ಒಡೆಸಿ. ಒಣಗಿದ ಕೊಬ್ಬರಿ ಮುರಿದರೆ ಟಕ್ ಎನ್ನುತ್ತದೆ. ಬಾಗಿದರೆ ಹಸಿ ಉಳಿದಿದೆ, ವಾರದಲ್ಲಿ ಬೂಷ್ಟು ಹಿಡಿಯುತ್ತದೆ.

ಬೆಲ್ಲದಲ್ಲಿ ಜನ ಎಡವುವುದು ಬಣ್ಣಕ್ಕೆ. ತಿಳಿ ಹಳದಿ ಹೊಳಪು ಬರಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ಹಾಗಂತ ತೀರಾ ಕಪ್ಪು ಬೆಲ್ಲ ತಂದರೆ ಅದು ಸಾಮಾನ್ಯವಾಗಿ ಮೆತ್ತಗಿರುತ್ತದೆ, ಹೆಚ್ಚಲು ಬರುವುದಿಲ್ಲ. ನಸುಗಂದು ಬಣ್ಣದ ಗಟ್ಟಿ ಅಚ್ಚು ಬೆಲ್ಲವೇ ಈ ಕೆಲಸಕ್ಕೆ ಸರಿ. ಉಗುರಿನಿಂದ ಒತ್ತಿ: ಗುರುತು ಬಿದ್ದು ಬೆರಳಿಗೆ ಜಿಗಿ ಅಂಟಿದರೆ ಆ ಬೆಲ್ಲ ಪಾಯಸಕ್ಕಿರಲಿ.

ಕೊಬ್ಬರಿ ಮತ್ತು ಬೆಲ್ಲ: ಕೈ ನೋಯುವ ಭಾಗ

ಕೊಬ್ಬರಿಯ ಕಂದು ಸಿಪ್ಪೆಯನ್ನು ಪೀಲರಿನಿಂದ ಅಥವಾ ತುರಿಮಣೆಯ ಸಣ್ಣ ಹಲ್ಲಿನ ಮೇಲೆ ಉಜ್ಜಿ ತೆಗೆಯಿರಿ. ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುವ ಸುಲಭದ ದಾರಿ ಬೇಡ; ಒಳಗೆ ಇಳಿದ ನೀರು ಎರಡು ದಿನ ಬಿಸಿಲಿಟ್ಟರೂ ಪೂರ್ತಿ ಹೋಗುವುದಿಲ್ಲ. ಬಟ್ಟಲನ್ನು ಹುರಿಗಡಲೆಯಷ್ಟು ದಪ್ಪದ ಸೀಳಾಗಿ ಹೆಚ್ಚಿ, ನಾಲ್ಕೈದು ಸೀಳು ಜೋಡಿಸಿ ಹಿಡಿದು ಅಡ್ಡಕ್ಕೆ ಹೆಚ್ಚಿ. ಈಳಿಗೆಮಣೆ ಅಭ್ಯಾಸವಿಲ್ಲದವರಿಗೆ ಅಡಕತ್ತರಿಯೇ ವಾಸಿ. ಚಾಕು ಗಟ್ಟಿ ಕೊಬ್ಬರಿಯ ಮೇಲೆ ಜಾರುತ್ತದೆ, ಅಡಕತ್ತರಿ ಜಾರುವುದಿಲ್ಲ.

ಬೆಲ್ಲಕ್ಕೂ ಅಡಕತ್ತರಿಯೇ ಒಳ್ಳೆಯದು. ಅಚ್ಚನ್ನು ಅರ್ಧ ಗಂಟೆ ಬಿಸಿಲಿಗಿಟ್ಟರೆ ಸ್ವಲ್ಪ ಹದ ಬರುತ್ತದೆ. ಮೂಲೆಯಿಂದ ಶುರು ಮಾಡಿ, ಒಂದು ಸಲಕ್ಕೆ ಒಂದು ಬೆರಳಗಲ ಮಾತ್ರ ಕತ್ತರಿಸಿ. ನಡುವೆ ಬಾಯಿ ಹಾಕಿದರೆ ಅಚ್ಚು ಒಡೆದು ಪುಡಿಯಾಗುತ್ತದೆ. ಹೆಚ್ಚಿದ್ದನ್ನು ಜರಡಿಯಲ್ಲಿ ಆಡಿಸಿ ಪುಡಿ ಬೇರೆ ಮಾಡಿ; ಮಿಶ್ರಣ ಜಿಗುಟಾಗುವುದು ಬಹುಮಟ್ಟಿಗೆ ಈ ಪುಡಿಯಿಂದಲೇ.

ಇಷ್ಟು ಕೊಬ್ಬರಿ-ಬೆಲ್ಲ ಹೆಚ್ಚಲು ಒಬ್ಬರಿಗೆ ಎರಡು-ಮೂರು ಗಂಟೆ ಬೇಕು. ಒಂದೇ ರಾತ್ರಿ ಕೂತು ಮುಗಿಸಿದರೆ ಮಾರನೆಯ ದಿನ ಹೆಬ್ಬೆರಳಿನ ಬುಡ, ಕತ್ತು, ಸೊಂಟ ಮೂರೂ ಹಿಡಿದುಕೊಳ್ಳುತ್ತವೆ, ಬೆಳಗಿನ ವಾಕಿಂಗ್ ತಪ್ಪುತ್ತದೆ. 40 ನಿಮಿಷದಂತೆ ನಾಲ್ಕು ದಿನಕ್ಕೆ ಹಂಚಿ. 20 ನಿಮಿಷಕ್ಕೊಮ್ಮೆ ಎದ್ದು ಭುಜ ಹಿಂದಕ್ಕೆ ತಿರುಗಿಸಿ, ಬೆರಳು ಪೂರ್ತಿ ಬಿಡಿಸಿ ಮಡಿಸಿ. ಮಂಡಿ ನೋವಿನವರು ನೆಲದ ಹಂಬಲ ಬಿಟ್ಟು ಊಟದ ಮೇಜಿನಲ್ಲಿ ಕೂರುವುದೇ ಸರಿ. ಅಡಕತ್ತರಿಗೆ ನೆಲವೇ ಆಗಬೇಕೆಂದಿಲ್ಲ.

ಬಿಸಿಲು ಮತ್ತು ಹುರಿಯುವುದು

ಕೊಬ್ಬರಿ ಚೂರಿಗೆ ಎರಡು ದಿನ ಒಳ್ಳೆಯ ಬಿಸಿಲು ಬೇಕು. ಜನವರಿಯ ಬೆಳಿಗ್ಗೆ ಮಂಜು ಇರುವ ಊರುಗಳಲ್ಲಿ ಹತ್ತು ಗಂಟೆಗೆ ಮೊದಲು ಹರಡಬೇಡಿ, ನಾಲ್ಕಕ್ಕೆ ಒಳಗೆ ತನ್ನಿ. ಬೆಲ್ಲದ ಚೂರಿಗೆ ಎರಡು ಗಂಟೆ ಎಳೆ ಬಿಸಿಲು ಸಾಕು, ಹೆಚ್ಚಾದರೆ ಅಂಚು ಕರಗಿ ಒಂದಕ್ಕೊಂದು ಅಂಟುತ್ತದೆ.

ಕಡಲೆಬೀಜವನ್ನು ಮೊದಲು ಆರಿಸಿ. ಸುಕ್ಕಾದದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಶಿಲೀಂಧ್ರದಿಂದ ಬರುವ ಅಫ್ಲಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12-15 ನಿಮಿಷ ಕೈಬಿಡದೆ ಹುರಿಯಿರಿ. ಅವಸರಕ್ಕೆ ಉರಿ ಹೆಚ್ಚಿಸಿದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ಮೂರು ದಿನಕ್ಕೆ ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ತಿಕ್ಕಿ, ಮೊರದಲ್ಲಿ ಕೇರಿ. ಬೀಜ ಎರಡಾಗಿ ಸೀಳಿದಾಗ ತುದಿಯಲ್ಲಿ ಕಾಣುವ ಸಣ್ಣ ಮೊಳಕೆಯೂ ಕೇರುವಾಗಲೇ ಹೋಗಲಿ. ಕಹಿ ಅದರಲ್ಲೇ ಇರುವುದು.

ಎಳ್ಳಿನಲ್ಲಿ ಮರಳಿರುತ್ತದೆ. ಹಬ್ಬಕ್ಕೆ ಒಂದು ವಾರ ಮೊದಲೇ ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಹುರಿಯುವುದು ಮೂರು-ನಾಲ್ಕು ನಿಮಿಷದ ಕೆಲಸ. ಚಟಪಟ ಶುರುವಾದ ಕೂಡಲೇ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಕಾವಿಗೆ ಕೆಂಪಾಗಿ ಕಹಿಯಾಗುತ್ತದೆ. ಹುರಿಗಡಲೆಗೆ ಬಿಸಿಲೇ ಸಾಕು.

ಐದನ್ನೂ ಬೇರೆ ಬೇರೆ ಡಬ್ಬದಲ್ಲಿಟ್ಟು, ಹಬ್ಬದ ಹಿಂದಿನ ದಿನ ಬೆರೆಸಿ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ವಾರ ಮೊದಲೇ ಬೆರೆಸಿದರೆ ಆ ತೇವಕ್ಕೆ ಹುರಿಗಡಲೆ ಮೆತ್ತಗಾಗಿ ಎಳ್ಳೆಲ್ಲ ಬೆಲ್ಲಕ್ಕೆ ಅಂಟುತ್ತದೆ. ಪೊಟ್ಟಣ ಕಟ್ಟುವಾಗ ಪ್ರತಿ ಸಲವೂ ತಳದಿಂದ ಕೈಯಾಡಿಸಿ, ಎಳ್ಳು ಕೆಳಗೆ ಇಳಿದಿರುತ್ತದೆ. ಇಲ್ಲದಿದ್ದರೆ ಕೊನೆಯ ಐದು ಮನೆಗೆ ಬರೀ ಎಳ್ಳು ಹೋದೀತು.

ಸಕ್ಕರೆ ಅಚ್ಚು

ಮರದ ಅಚ್ಚಿಗೆ ದುಡ್ಡು ಹಾಕುವ ಮೊದಲು ಬೀದಿಯಲ್ಲಿ ಕೇಳಿ ನೋಡಿ. ಎಷ್ಟೋ ಮನೆಯ ಅಟ್ಟದಲ್ಲಿ ಇರುತ್ತದೆ, ವರ್ಷಕ್ಕೆ ಒಂದು ದಿನದ ಬಳಕೆ. ಹಿಂದಿನ ರಾತ್ರಿಯೇ ಅಚ್ಚುಗಳನ್ನು ತಣ್ಣೀರಲ್ಲಿ ಮುಳುಗಿಸಿಡಿ. ಒಣ ಮರಕ್ಕೆ ಪಾಕ ಕಚ್ಚಿಕೊಂಡರೆ ಆನೆಯ ಸೊಂಡಿಲು, ನವಿಲಿನ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತದೆ. ಬೆಳಿಗ್ಗೆ ಒರೆಸಿ, ಎರಡು ಹೋಳು ಜೋಡಿಸಿ, ಎರಡು ಕಡೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ.

ಅರ್ಧ ಕಿಲೋ ಸಕ್ಕರೆಗೆ 150 ಮಿಲಿ ನೀರು. ಕರಗಿ ಕುದಿ ಬಂದಾಗ ಒಂದು ದೊಡ್ಡ ಚಮಚ ಹಾಲು ಹಾಕಿ; ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಒದ್ದೆ ತೆಳು ಬಟ್ಟೆಯಲ್ಲಿ ಸೋಸಿ. ಬಿಳುಪು ಬರಲಿ ಅಂತ ನಿಂಬೆರಸ ಧಾರಾಳ ಹಿಂಡುವವರಿದ್ದಾರೆ. ಹುಳಿ ಸಕ್ಕರೆಯನ್ನು ಹರಳುಗಟ್ಟಲು ಬಿಡುವುದಿಲ್ಲ, ಅಚ್ಚು ಅಂಟಂಟಾಗಿಯೇ ಉಳಿಯುತ್ತದೆ. ಹಾಲೊಂದೇ ಸಾಕು.

ಮುಖ್ಯವಾದದ್ದು ಇಲ್ಲಿದೆ: ಪೂರ್ತಿ ಪಾಕವನ್ನು ಒಟ್ಟಿಗೆ ಕಾಯಿಸಬೇಡಿ. ಎರಡು ಅಚ್ಚು ತುಂಬುವಷ್ಟನ್ನೇ ಹಿಡಿಯಿರುವ ಸಣ್ಣ ಪಾತ್ರೆಗೆ ತೆಗೆದುಕೊಂಡು ಕುದಿಸಿ. ಗುಳ್ಳೆ ದಪ್ಪವಾಗಿ, ನೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾದಾಗ ಇಳಿಸಿ. ಥರ್ಮಾಮೀಟರ್ ಇದ್ದರೆ 113-115 ಡಿಗ್ರಿ ಸೆಲ್ಸಿಯಸ್. ಚಮಚದಿಂದ ಪಾತ್ರೆಯ ಪಕ್ಕಕ್ಕೆ ತಿಕ್ಕುತ್ತಾ ತಿರುಗಿಸಿ. ಪಾರದರ್ಶಕವಾಗಿದ್ದ ಪಾಕ ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣದಲ್ಲೇ ಅಚ್ಚಿಗೆ ಸುರಿಯಬೇಕು. ಬೇಗ ಸುರಿದರೆ ಗಟ್ಟಿಯಾಗುವುದಿಲ್ಲ, ತಡ ಮಾಡಿದರೆ ಪಾತ್ರೆಯಲ್ಲೇ ಕೂರುತ್ತದೆ. ಕೂತರೆ ಗಾಬರಿ ಬೇಡ, ಎರಡು ಚಮಚ ನೀರು ಹಾಕಿ ಮತ್ತೆ ಕರಗಿಸಿ. ಹತ್ತು ನಿಮಿಷಕ್ಕೆ ಬಿಚ್ಚಿ, ಅಂಚನ್ನು ಚಾಕುವಿನಿಂದ ಸವರಿ, ಕಾಗದದ ಮೇಲೆ ಒಣಗಿಸಿ. ಈ ಹೊತ್ತಿನಲ್ಲಿ ಮಕ್ಕಳು ಒಲೆಯ ಹತ್ತಿರ ಸುಳಿಯಬಾರದು. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಕಬ್ಬು, ಪೊಟ್ಟಣ, ಬೀರುವುದು

ಕಬ್ಬನ್ನು ಕಟ್ಟಿನ ಲೆಕ್ಕದಲ್ಲಿ ಕೊಂಡು ನಾಲ್ಕು ಮನೆ ಹಂಚಿಕೊಂಡರೆ ಜಲ್ಲೆಗೆ ಬೀಳುವ ದರ ಬಿಡಿಯಾಗಿ ಕೊಂಡದ್ದಕ್ಕಿಂತ ಕಡಿಮೆ. ತಟ್ಟೆಗೆ ಗೇಣುದ್ದದ ತುಂಡು ಸಾಕು. ಹೊಳೆಯುವ ಪ್ಲಾಸ್ಟಿಕ್ ಡಬ್ಬಿಗೆ ಕೊಡುವ ದುಡ್ಡು ಒಳಗಿರುವ 50 ಗ್ರಾಂನ ಬೆಲೆಗೆ ಹತ್ತಿರ ಹೋಗುತ್ತದೆ. ಬೆಣ್ಣೆ ಕಾಗದದ ಪೊಟ್ಟಣ ಮಾಡಿ ದಾರ ಕಟ್ಟಿ. ಬರೀ ನ್ಯೂಸ್‌ಪೇಪರ್ ಮಾತ್ರ ಬೇಡ, ಶಾಯಿ ಎಣ್ಣೆಯ ಪದಾರ್ಥಕ್ಕೆ ಅಂಟುತ್ತದೆ.

ಬೀರಲು ನಡೆದೇ ಹೋಗಿ. ಹತ್ತಿರದ ಮನೆಗಳನ್ನು ಎರಡು ಸುತ್ತಾಗಿ ಹಂಚಿಕೊಂಡು, ಅಪಾರ್ಟ್‌ಮೆಂಟಾದರೆ ಮೇಲಿನ ಮಹಡಿಗೆ ಲಿಫ್ಟಿನಲ್ಲಿ ಹೋಗಿ ಮೆಟ್ಟಿಲಲ್ಲಿ ಇಳಿಯುತ್ತಾ ಬನ್ನಿ. ಸೀರೆ ಉಟ್ಟು ತಟ್ಟೆ ಹಿಡಿದು ಹತ್ತುವುದಕ್ಕಿಂತ ಇಳಿಯುವುದು ಆರಾಮ, ಆದರೆ ಮಂಡಿ ನೋವಿದ್ದರೆ ಎರಡೂ ಕಡೆ ಲಿಫ್ಟೇ ಇರಲಿ. ಭಾರವನ್ನು ಒಂದೇ ಚೀಲಕ್ಕೆ ತುಂಬದೆ ಎರಡು ಕೈಗೂ ಸಮ ಮಾಡಿಕೊಳ್ಳಿ. ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಎಳ್ಳು-ಬೆಲ್ಲ ಹಾಗೇ ಕೊಡಬೇಡಿ. ಬೀಜ, ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವಾದರೆ ಪರವಾಗಿಲ್ಲ ಎನ್ನುವುದು ಬರೀ ಸಮಾಧಾನ, ರಕ್ತದಲ್ಲಿ ಅದೂ ಸಕ್ಕರೆಯಂತೆಯೇ ಏರುತ್ತದೆ.

ಬಂದ ಪೊಟ್ಟಣಗಳನ್ನು ಅಂದೇ ಸಂಜೆ ಬಿಚ್ಚಿ ಎರಡು ಭಾಗ ಮಾಡಿ. ಒಂದು ವಾರಕ್ಕಾಗುವಷ್ಟು ಸಣ್ಣ ಡಬ್ಬಿಗೆ. ದಿನಕ್ಕೆ ಎರಡು ಚಮಚ, ಅದೂ ಸಂಜೆಯ ಬಿಸ್ಕತ್ತಿನ ಬದಲಿಗೆ, ಅದರ ಜೊತೆಗಲ್ಲ. ಉಳಿದದ್ದನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ತರಿಯಾಗಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಏಲಕ್ಕಿ ಸೇರಿಸಿ ನಿಂಬೆಕಾಯಿ ಗಾತ್ರದ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಮೂರು ವಾರ ಬರುತ್ತದೆ. ಬಂದ ಸಕ್ಕರೆ ಅಚ್ಚುಗಳನ್ನು ಕುಟ್ಟಿ ಸಕ್ಕರೆ ಡಬ್ಬಕ್ಕೇ ಸುರಿದುಬಿಡಿ, ಫೆಬ್ರವರಿಯ ಕಾಫಿಗೆ ಆಗುತ್ತದೆ. ಅದರಲ್ಲಿ ಬಣ್ಣದವು ಇದ್ದರೆ ಪಾಯಸಕ್ಕೆ ತೆಗೆದಿಡಿ.